ಮೂರು ಬೆರಳಿನ ಅಳತೆ

ಪಿಯುಸಿ ಮುಗಿಸಿದ ವರ್ಷ ನನಗೆ ಒಂದೇ ವಾರದಲ್ಲಿ ಎರಡು ಕವರು ಬಂದವು. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಮೊದಲನೆಯದು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಸೀಟು ಸಿಕ್ಕಿದೆ ಎಂದು. ಅದನ್ನು ಅಪ್ಪ ಅಂಗಡಿಯಲ್ಲೇ ಒಡೆದು ಓದಿ, ಬಂದ ಗಿರಾಕಿಗಳಿಗೆಲ್ಲ ಪೆಪ್ಪರಮೆಂಟು ಹಂಚಿದರು. ಎರಡನೆಯದು ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಿಕೆ ಓದುವ ಸೀಟು. ಅದನ್ನು ಪೋಸ್ಟ್‌ಮ್ಯಾನ್ ಮನೆಗೇ ತಂದುಕೊಟ್ಟಿದ್ದರಿಂದ ನಾನೇ ಒಡೆದೆ. ಪೆಪ್ಪರಮೆಂಟು ಯಾರೂ ಹಂಚಲಿಲ್ಲ. ಹಲ್ಲಿನ ಕಾಲೇಜಿಗೆ ಗುರುವಾರದೊಳಗೆ, ಹುಬ್ಬಳ್ಳಿಗೆ ಶುಕ್ರವಾರದೊಳಗೆ ಮಾರ್ಕ್ಸ್ ಕಾರ್ಡು, ಟಿ.ಸಿ. ಎಲ್ಲ ಹಿಡಿದುಕೊಂಡು ಹಾಜರಾಗಬೇಕಿತ್ತು. ಅಷ್ಟರೊಳಗೆ ನನ್ನ ಕೈಯಲ್ಲಿ ಹನ್ನೊಂದು ದಿನ ಇದ್ದವು.

ಅಪ್ಪನದು ಚನ್ನಗಿರಿಯಲ್ಲಿ ಔಷಧಿ ಅಂಗಡಿ. ಡಾಕ್ಟರುಗಳ ಕೈಬರಹ ಓದುವುದರಲ್ಲಿ ಅವರನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಬರೆದ ಡಾಕ್ಟರಿಗೇ ತಮ್ಮ ಅಕ್ಷರ ತಿಳಿಯದೆ ಅಪ್ಪನ ಹತ್ತಿರ ಕೇಳಿ ಕಳಿಸಿದ್ದೂ ಉಂಟು. ದವಡೆಯಲ್ಲಿ ಅಡಿಕೆ ಹೋಳು ಇಟ್ಟುಕೊಂಡೇ ಮಾತಾಡುವುದು ಅವರ ಅಭ್ಯಾಸ. ಎರಡನೇ ಕವರು ತೋರಿಸಿದಾಗಲೂ ಹಾಗೇ ಮಾತಾಡಿದರು.

"ಇಪ್ಪತ್ತೆರಡು ವರ್ಷದಿಂದ ಚೀಟಿ ಓದ್ತಾ ಇದೀನಿ. ಹಲ್ಲಿನ ಡಾಕ್ಟ್ರು ಬರೆದ ಚೀಟಿ ಒಂದಾದ್ರೂ ಬಂದೈತಾ? ಅವರಿಗೆ ಬರೆಯಾಕೆ ಏನೈತೆ? ಕೀಳೋದು, ಉಪ್ಪುನೀರು ಮುಕ್ಕಳಿಸು ಅನ್ನೋದು. ಮುಗೀತು."

ನಾನು ಎರಡಕ್ಕೂ ಅರ್ಜಿ ಹಾಕಿದ್ದು ಯಾವ ಆಸೆಯಿಂದಲೂ ಅಲ್ಲ. ಕಾಲೇಜಿನಲ್ಲಿ ಎಲ್ಲರೂ ಎರಡಕ್ಕೂ ಹಾಕಿದರು, ನಾನೂ ಹಾಕಿದೆ. ಆದರೆ ಆ ಕವರು ಕೈಗೆ ಬಂದಮೇಲೆ ಒಂದು ವಿಷಯ ತಲೆ ಕೊರೆಯತೊಡಗಿತು. ನಾನು ಹುಟ್ಟಿದಾಗಿನಿಂದ ಒಬ್ಬ ಹಲ್ಲಿನ ಡಾಕ್ಟರನ್ನೂ ಕಂಡಿರಲಿಲ್ಲ. ನಮ್ಮೂರಲ್ಲಿ ಇರಲೇ ಇಲ್ಲ. ಕಾಣದೇ ಇರುವುದನ್ನು ಬೇಡ ಎನ್ನುವುದು ಹೇಗೆ? ನನ್ನದು ಮೊದಲಿನಿಂದಲೂ ಅಧಿಕಪ್ರಸಂಗದ ಸ್ವಭಾವ. ಮನೆಯ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಲಾರದೆ ಒದೆ ತಿಂದವಳು, ಕಪ್ಪೆಯ ಹೊಟ್ಟೆಯಲ್ಲಿ ಏನಿದೆಯೆಂದು ಪಿಯುಸಿಗಿಂತ ನಾಲ್ಕು ವರ್ಷ ಮೊದಲೇ ನೋಡಿದವಳು. ಜೊತೆಗೆ ಜೋರಾಗಿ ನಗುವ ಚಾಳಿ ಬೇರೆ. "ಹಿಂಗೆ ಬಾಯಿ ಬಿಟ್ಟು ನಗಬ್ಯಾಡ, ನಿಮ್ಮ ಅತ್ತೇನ ನೋಡಿ ಕಲಿ" ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಅತ್ತೆ ಎಂದರೆ ಅಪ್ಪನ ಅಕ್ಕ, ನ್ಯಾಮತಿಗೆ ಕೊಟ್ಟಿದ್ದವರು. ಅವರು ನಕ್ಕರೆ ತುಟಿ ಮಾತ್ರ ಅಲುಗುತ್ತಿತ್ತು. ಹರಕೆಗೆಂದು ಖಾರ ಬಿಟ್ಟವರು ಬೇರೆ. ನಮ್ಮ ಬಳಗದ ಹೆಣ್ಣುಮಕ್ಕಳಿಗೆಲ್ಲ ಅವರೇ ಮಾದರಿ, ಆದ್ದರಿಂದ ನಮಗೆ ಅವರ ಮೇಲೆ ಸ್ವಲ್ಪ ಸಿಟ್ಟೂ ಇತ್ತು.

ಹನ್ನೊಂದು ದಿನದಲ್ಲಿ ಎರಡೂ ಕೆಲಸ ನೋಡಿಕೊಂಡು ಬರುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಅವರಿಗೆ ನಗು ಬಂತು.

"ನೋಡ್ಕಂಡು ಬಾ. ನೋಡಿದ್ಮೇಲೆ ಸುಮ್ನೆ ಹುಬ್ಬಳ್ಳಿ ಬಸ್ ಹತ್ತು."

ಮೊದಲು ಹೊನ್ನಾಳಿಗೆ ಹೋದೆ. ಅಲ್ಲಿ ಅಮ್ಮನ ಚಿಕ್ಕಪ್ಪನ ಮಗ ಒಂದು ಸಣ್ಣ ಡಿಸ್ಪೆನ್ಸರಿ ಇಟ್ಟಿದ್ದರು. ನಾನು ಮಾಮ ಅನ್ನುತ್ತಿದ್ದೆ. ಎರಡು ದಿನ ಅವರ ಮೇಜಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತೆ. ಅದೊಂದು ಲೋಕವೇ ಸರಿ. ಎತ್ತು ತಿವಿದವನು ಬಂದ, ಮೂರು ದಿನದಿಂದ ಜ್ವರ ಬಿಡದ ಕೂಸು ಬಂತು, ಉಸಿರು ಹತ್ತುತ್ತದೆ ಎಂದು ಹೊಳೆಯಾಚೆಯಿಂದ ಒಬ್ಬ ಮುದುಕಿ ಬಂದಳು. ಆ ಮುದುಕಿಯ ಎದೆಗೆ ಸ್ಟೆತಾಸ್ಕೋಪು ಇಟ್ಟು ಮಾಮ ಅದರ ತುದಿ ನನ್ನ ಕಿವಿಗೆ ಕೊಟ್ಟರು. ಲಬ್ ಡಬ್ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ಅದರ ನಡುವೆ ಇನ್ನೊಂದು ಸದ್ದಿತ್ತು, ಅಕ್ಕಿ ಕೇರುವಾಗ ಬರುವಂಥದ್ದು. "ಆ ಸದ್ದೇ ಕಾಯಿಲೆ" ಎಂದರು ಮಾಮ. ನನ್ನ ಮೈ ಜುಮ್ಮೆಂದಿತು. ಅವತ್ತೇ ಯಾರಾದರೂ ಕೇಳಿದ್ದರೆ ಹುಬ್ಬಳ್ಳಿ ಎಂದುಬಿಡುತ್ತಿದ್ದೆ.

ಮಾಮ ಬಂದವರಿಗೆಲ್ಲ "ನಾಲಿಗೆ ತೋರ್ಸು" ಅನ್ನುತ್ತಿದ್ದರು. ರೆಪ್ಪೆ ಬಡಿಯುವಷ್ಟರಲ್ಲಿ ನೋಡಿ ಮುಗಿಸುತ್ತಿದ್ದರು. ಒಬ್ಬ ಹಲ್ಲುನೋವು ಎಂದು ಕೆನ್ನೆ ಹಿಡಿದುಕೊಂಡು ಬಂದಾಗ ನೋವಿನ ಮಾತ್ರೆ ಬರೆದು ಕಳಿಸಿದರು. ಯಾಕೆ ಬಾಯೊಳಗೆ ನೋಡಲಿಲ್ಲ ಎಂದು ಕೇಳಿದೆ.

"ಬಾಯಿ ನಮ್ದಲ್ಲ, ಅದು ಹಲ್ಲಿನೋರದ್ದು. ನಮ್ದು ಗಂಟಲಿಂದ ಕೆಳಗೆ" ಎಂದು ನಕ್ಕರು.

ಹಲ್ಲಿನವರು ಎಲ್ಲಿದ್ದಾರೆ ಎಂದರೆ ಅವರಿಗೂ ದಾವಣಗೆರೆ ಬಿಟ್ಟರೆ ಗೊತ್ತಿರಲಿಲ್ಲ. ಹಾಗಾದರೆ ಇಷ್ಟು ಊರುಗಳ ಬಾಯಿಗಳು ಯಾರವು ಎಂಬ ಪ್ರಶ್ನೆ ಎದ್ದಿತು. ಕೇಳಲಿಲ್ಲ, ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು.

ಆಮೇಲೆ ಜಗಳೂರಿಗೆ ಹೊರಟೆ. ಅಕ್ಕನನ್ನು ಅಲ್ಲಿಗೆ ಕೊಟ್ಟಿತ್ತು. ಭಾವ ಮೇಷ್ಟ್ರು. ಜಗಳೂರಿನ ಸಂತೆಗೆ ಹಲ್ಲು ಕೀಳುವವನೊಬ್ಬ ಬರುತ್ತಾನೆಂದು ಅಕ್ಕ ಯಾವಾಗಲೋ ಹೇಳಿದ್ದು ನೆನಪಿತ್ತು. ದಾವಣಗೆರೆಗೆ ಹೋಗಿ ಕಾಲೇಜಿನ ಹಲ್ಲಿನ ಡಾಕ್ಟರನ್ನು ನೋಡುವುದು ಬಿಟ್ಟು ಸಂತೆಯವನನ್ನು ನೋಡಲು ಹೊರಟೆಯಲ್ಲ ಎಂದು ಈಗ ಯಾರಾದರೂ ಕೇಳಬಹುದು. ನಿಜ ಹೇಳಬೇಕೆಂದರೆ ದಾವಣಗೆರೆಯಲ್ಲಿ ನನಗೆ ಪರಿಚಯದವರು ಇರಲಿಲ್ಲ, ದೊಡ್ಡ ಕಟ್ಟಡಗಳೊಳಗೆ ಒಬ್ಬಳೇ ನುಗ್ಗಲು ಅಂಜಿಕೆಯಿತ್ತು. ಸಂತೆಗೆ ಬಾಗಿಲಿರಲಿಲ್ಲ.

ಅವನು ಸಂತೆಯ ತುದಿಯಲ್ಲಿ, ಕುರಿ ಮಾರುವ ಜಾಗದ ಪಕ್ಕ, ತಾಡಪಾಲು ಹಾಸಿ ಕೂತಿದ್ದ. ಗಡ್ಡ ನರೆತ ಮನುಷ್ಯ. ಮುಂದೆ ಕೆಂಪು ಬಟ್ಟೆಯ ಮೇಲೆ ಕಟ್ಟುಹಲ್ಲುಗಳು, ಪಕ್ಕದಲ್ಲಿ ನೇರಳೆ ಬಣ್ಣದ ನೀರು ತುಂಬಿದ ಗಾಜಿನ ಲೋಟ, ಅದರೊಳಗೆ ಇಕ್ಕಳ. ಕಂಬಳಿ ಹೊದ್ದ ಕುರಿಗಾಹಿಯೊಬ್ಬ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಹಲ್ಲು ಯಾವುದೆಂದು ಕೇಳುವ ಮೊದಲೇ ಹಲ್ಲು ಕೀಳುವವನು ಕುರಿಗಾಹಿಯ ಬಲಗೈ ಹಿಡಿದು, ಮೂರು ಬೆರಳು ಜೋಡಿಸಿ, ಅವನ್ನೇ ಅವನ ಬಾಯಿಗೆ ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿಸಿದ. ಮೂರೂ ಸರಾಗವಾಗಿ ಹೋದವು. ಆಮೇಲೆ ಇಕ್ಕಳ ಎತ್ತಿಕೊಂಡ. ನಾನು ಜೊತೆಗೆ ಬಂದಿದ್ದ ಅಕ್ಕನ ಕೈ ಕೊಸರಿಕೊಂಡು ಹತ್ತಿರ ಹೋಗಿ ನಿಂತೆ. ಹಲ್ಲು ಬಂದಿದ್ದು, ಕುರಿಗಾಹಿ ಉಗುಳಿ ಎದ್ದು ಹೋಗಿದ್ದು ಎಲ್ಲ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆಯಿತು.

"ಆ ಬೆರಳು ಯಾಕೆ ಹಿಡಿಸಿದ್ರಿ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸಂತೆಯಲ್ಲಿ ಅವನನ್ನು ಇಷ್ಟು ಮರ್ಯಾದೆಯಿಂದ ಪ್ರಶ್ನೆ ಕೇಳಿದವರು ಇರಲಿಕ್ಕಿಲ್ಲ. "ಮೂರು ಹೋದ್ರೆ ನನ್ ಇಕ್ಕಳ ಆರಾಮಾಗಿ ಹೋಗ್ತೈತೆ. ಎರಡು ಹೋದ್ರೆ ಕಷ್ಟ. ಒಂದೇ ಹೋದ್ರೆ ಕೈಮುಗಿದು ಕಳಿಸಿಬಿಡ್ತೀನಿ. ಯಾವೂರು ನಿಮ್ದು?"

"ಚನ್ನಗಿರಿ."

"ಹಂಗಾರೆ ಅಡಿಕೆ ಸೀಮೆಯೋರು. ನಿಮ್ ಕಡೆ ಸಂತೇಲಿ ನಾನು ಹಲ್ಲು ಆಮ್ಯಾಗೆ ನೋಡ್ತೀನಿ, ಬಾಯಿ ಮೊದಲು ನೋಡ್ತೀನಿ. ಚನ್ನಗಿರಿ, ನ್ಯಾಮತಿ ಕಡೆ ಭಾಳ ಮಂದಿ ಬಾಯಿ ತೆರೆಯಾಕೇ ಆಗಲ್ಲ. ಇಲ್ಲಿಯೋರು ನೋಡ್ರಿ, ಗವಿ ತೆರ್ದಂಗೆ ತೆರೀತಾರೆ."

"ಯಾಕೆ ಹಂಗೆ?"

"ಅದು ಗೊತ್ತಿದ್ದಿದ್ರೆ ನಾನು ಇಲ್ಲಿ ಕುರಿ ಪಕ್ಕ ಯಾಕೆ ಕೂರ್ತಿದ್ದೆ? ನೀವು ಓದೋರು, ಓದಿ ಬಂದು ನನಗೆ ಹೇಳ್ರಿ."

ಅವನಿಗೆ ಅದೊಂದು ತಮಾಷೆಯ ಮಾತು. ನನಗೆ ಮಾತ್ರ ಅಲ್ಲಿಂದಾಚೆ ಬೇರೆ ಏನೂ ಬೇಡವಾಯಿತು. ಊರಿಂದೂರಿಗೆ ಬಾಯಿ ಬೇರೆಯಾಗುವುದು ಎಂದರೇನು? ಜಗಳೂರಿನವರು ನೆಲಗಡಲೆ ತಿನ್ನುತ್ತಾರೆ, ನಾವು ಅಡಿಕೆ ತಿನ್ನುತ್ತೇವೆ. ಅಷ್ಟಕ್ಕೇ? ಅಕ್ಕನ ಮನೆಗೆ ಬಂದವಳೇ ಭಾವನ ಬಾಯಿಗೆ ಬೆರಳು ಹಿಡಿಸಿದೆ. ಮೂರು. ಅವರ ತಮ್ಮನಿಗೂ ಮೂರು. ಅಕ್ಕನ ಅತ್ತೆಯನ್ನು ಕೇಳಿದ್ದೇ ತಡ ಅವರು ಸೆರಗು ಅಡ್ಡ ಹಿಡಿದುಕೊಂಡು, "ಈ ಹುಡುಗಿಗೆ ಬೇಗ ಕಾಲೇಜು ಶುರುವಾಗ್ಲಪ್ಪ" ಎಂದು ಒಳಗೆ ಹೋದರು.

ಉಳಿದ ದಿನಗಳನ್ನು ಎಲ್ಲಿ ಕಳೆಯಬೇಕೆಂದು ಈಗ ಯೋಚಿಸಬೇಕಾಗಿರಲಿಲ್ಲ, ನ್ಯಾಮತಿಗೆ ಹೊರಟೆ. ನ್ಯಾಮತಿಯ ಅತ್ತೆಯ ಮನೆಯವರು ಅಡಿಕೆ ಕೊಂಡು ಮಾರುವವರು. ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಅಡಿಕೆ ರಾಶಿಯ ಸುತ್ತ ಕೂತು ದಿನವೆಲ್ಲ ಆಯುತ್ತಿರುತ್ತಾರೆ, ಆಯುತ್ತಲೇ ಒಂದೊಂದು ಹೋಳು ಬಾಯಿಗೂ ಹಾಕಿಕೊಳ್ಳುತ್ತಾರೆ, ನಡುವೆ ಅತ್ತೆ. ಮಾಲು ಬಂದರೆ ಚೀಲಕ್ಕೊಂದು ಅಡಿಕೆ ತೆಗೆದು ಒಡೆದು ಅತ್ತೆ ದವಡೆಗಿಟ್ಟು ನೋಡಬೇಕು. ಸರಿಯಾಗಿ ಬೆಂದಿದೆಯೋ, ಹಳೆಯದು ಬೆರೆಸಿದ್ದಾರೋ, ಒಣಗುವಾಗ ನೀರು ಬಿದ್ದಿದೆಯೋ ಎಲ್ಲ ಅತ್ತೆಯ ಬಾಯಿಗೆ ಗೊತ್ತಾಗುತ್ತಿತ್ತು. ಅವರು ತಲೆ ಆಡಿಸಿದರೆ ಮಾವ ವ್ಯಾಪಾರ ಮುಗಿಸುತ್ತಿದ್ದರು. ಮದುವೆಯಾಗಿ ಹೋದಾಗಿನಿಂದಲೂ ಅದೇ ಅವರ ಕೆಲಸ. ಅಡಿಕೆ ಇಲ್ಲದ ಅವರ ದವಡೆಯನ್ನು ನಾನು ನೋಡಿಯೇ ಇರಲಿಲ್ಲ.

ಪಡಸಾಲೆಯಲ್ಲಿ ನಾನು ಬೆರಳಾಟ ಶುರು ಮಾಡಿದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ ಮೂರು ಹೋದವು. ಹಳಬರಲ್ಲಿ ಇಬ್ಬರಿಗೆ ಎರಡೇ. ಇನ್ನೊಬ್ಬಾಕೆಗೆ ಎರಡನೇ ಬೆರಳೂ ಪೂರ್ತಿ ಹೋಗಲಿಲ್ಲ. "ನನ್ ಬಾಯಿ ಸಣ್ಣದು ಅಂದ್ರೆ ನನ್ ಗಂಡ ನಂಬಬೇಕಲ್ಲ" ಎಂದು ಆಕೆ ಎಲ್ಲರನ್ನೂ ನಗಿಸಿದಳು. ನಾನೂ ನಗುತ್ತಲೇ ಮನಸ್ಸಿನೊಳಗೆ ಲೆಕ್ಕ ಹಾಕುತ್ತಿದ್ದೆ, ಎಷ್ಟು ವರ್ಷದಿಂದ ಆಯುತ್ತಿದ್ದಾರೋ ಅಷ್ಟು ಕಡಿಮೆ ಬೆರಳು. ಅತ್ತೆಯ ಕಡೆ ತಿರುಗಿದೆ. ಅವರು ಮಡಿಲಲ್ಲಿದ್ದ ಅಡಿಕೆ ಕೊಡವಿ ಎದ್ದು ಅಡಿಗೆ ಮನೆಗೆ ಹೋಗಿಬಿಟ್ಟರು.

ಊಟದ ಹೊತ್ತು ಮುಗಿದು ಎಲ್ಲರೂ ಅಡ್ಡಾದಾಗ ನಾನು ಅಡಿಗೆ ಮನೆಗೆ ಹೋದೆ. ಅತ್ತೆ ಯಾವಾಗಲೂ ಎಲ್ಲರದೂ ಆದಮೇಲೆ ಒಬ್ಬರೇ ಊಟಕ್ಕೆ ಕೂರುವವರು. ಅದನ್ನೂ ಬಳಗದವರು ನಮಗೆ ಹೊಗಳಿ ಹೇಳುತ್ತಿದ್ದರು. ತಟ್ಟೆಯಲ್ಲಿ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಕಿವುಚಿ ಗಂಜಿಯಂತೆ ಮಾಡಿಕೊಂಡಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಿದರು.

"ಎಲ್ಲಿ ಕಲ್ತೆ ಆ ಆಟನ?"

ಸಂತೆಯವನ ವಿಷಯ ಹೇಳಿದೆ. ಅವರು ಕೈ ತೊಳೆದು, ಬಾಗಿಲ ಕಡೆ ಒಮ್ಮೆ ನೋಡಿ, ತೋರುಬೆರಳನ್ನು ಬಾಯಿಗೆ ಹಿಡಿದರು. ಒಂದು ಹೋಯಿತು. ಎರಡನೆಯದನ್ನು ಜೋಡಿಸಿ ಒತ್ತಿದರು. ಹಲ್ಲಿಗೆ ತಾಗಿ ನಿಂತಿತು.

"ಇಷ್ಟೇ ನೋಡು."

"ಯಾವಾಗಿಂದ?"

"ನೀನು ಶಾಲೆಗೆ ಸೇರಿದಾಗ ಇನ್ನೂ ರೊಟ್ಟಿ ತಿಂತಿದ್ದೆ. ಆಮ್ಯಾಗೆ ಮುದ್ದೆ ನುಂಗೋದು. ಈಗ ಇದು."

"ಖಾರ ಬಿಟ್ಟಿದ್ದು ಹರಕೆಗೆ ಅಂತ ಎಲ್ಲರೂ ಹೇಳ್ತಾರಲ್ಲ ಅತ್ತೆ?"

"ಅವರೇ ಅಂದ್ಕಂಡ್ರು. ನಾನು ಹೂಂ ಅಂದೆ. ಖಾರ ಸೋಕಿದ್ರೆ ಬೆಂಕಿ ಇಟ್ಟಂಗೆ ಆಗ್ತೈತೆ. ಹರಕೆ ಅಂದ್ರೆ ಯಾರೂ ಬಲವಂತ ಮಾಡಲ್ಲ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬಾಯಿ ಬಿಟ್ಟು ನಗದ ಹೆಣ್ಣು, ಕೊನೆಗೆ ಉಣ್ಣುವ ಹೆಣ್ಣು, ಖಾರ ಬಿಟ್ಟ ಹೆಣ್ಣು ಎಂದು ಇಡೀ ಬಳಗ ಹೊಗಳಿದ್ದು ಒಂದು ಕಾಯಿಲೆಯನ್ನು. ಆ ಹೊಗಳಿಕೆ ಕೇಳಿ ಇವರನ್ನು ಮನಸ್ಸಿನಲ್ಲೇ ಬೈದುಕೊಂಡವಳು ನಾನು. ಅದು ನೆನಪಾಗಿ ನಾಚಿಕೆಯಾಯಿತು.

ಯಾರಿಗೂ ತೋರಿಸಲಿಲ್ಲವೇ ಎಂದು ಕೇಳಿದೆ. "ನಿಮ್ಮಪ್ಪನಿಗೆ ಬಾಯಿ ಉರೀತೈತೆ ಅಂದಿದ್ದೆ. ಬಿ ಕಾಂಪ್ಲೆಕ್ಸ್ ಕೊಟ್ಟ. ಬಂದಾಗೆಲ್ಲ ತಪ್ಪದೆ ಕೊಡ್ತಾನೆ, ಪಾಪ" ಎಂದರು. ಆ 'ಪಾಪ' ಅವರು ನಿಜವಾಗಿಯೂ ಪ್ರೀತಿಯಿಂದಲೇ ಹೇಳಿದ್ದು.

ಬುಧವಾರ ಅತ್ತೆಯನ್ನು ಕರೆದುಕೊಂಡು ದಾವಣಗೆರೆಗೆ ಹೋದೆ. ಸೀರೆ ತರುತ್ತೇನೆಂದು ಅತ್ತೆ ಮನೆಯಲ್ಲಿ ಹೇಳಿದ್ದರು. ಇಬ್ಬರಿದ್ದೆವಲ್ಲ, ದೊಡ್ಡ ಕಟ್ಟಡದ ಅಂಜಿಕೆ ಅರ್ಧ ಇಳಿದಿತ್ತು. ಹಲ್ಲಿನ ಕಾಲೇಜಿನಲ್ಲಿ ಚೀಟಿ ಮಾಡಿಸಿ ಸಾಲಿನಲ್ಲಿ ಕೂತೆವು. ಕನ್ನಡಕ ಹಾಕಿದ ನಡುವಯಸ್ಸಿನ ಡಾಕ್ಟರೊಬ್ಬರು ಅತ್ತೆಯನ್ನು ಒರಗು ಕುರ್ಚಿಯಲ್ಲಿ ಕೂರಿಸಿ ಮೊದಲು ಮಾಡಿದ್ದೇ ಮೂರು ಬೆರಳು ಹಿಡಿಸಿದ್ದು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಕುರಿ ಸಂತೆಯವನಿಗೂ ಇವರಿಗೂ ಒಂದೇ ಅಳತೆ!

ಅವರು ಅವಸರ ಮಾಡಲಿಲ್ಲ. ದೀಪ ಹಾಕಿ, ಸಣ್ಣ ಕನ್ನಡಿ ಹಿಡಿದು, ಕೆನ್ನೆಯ ಒಳಗೆಲ್ಲ ನೋಡಿದರು. ನಾನು ಹಿಂದಿನಿಂದ ಕತ್ತು ಚಾಚಿದ್ದು ಕಂಡು, ನೀನ್ಯಾರು ಎಂದರು. ಇಲ್ಲಿ ಸೀಟು ಸಿಕ್ಕಿದೆ, ನಾಳೆ ಕೊನೇ ದಿನ, ಸೇರುತ್ತೀನೋ ಇಲ್ಲವೋ ಗೊತ್ತಿಲ್ಲ ಎಂದು ಇದ್ದದ್ದು ಇದ್ದಹಾಗೆ ಹೇಳಿದೆ. ನಕ್ಕು, ಕೈ ತೊಳೆದು ಬರಲು ಹೇಳಿದರು. ಅತ್ತೆಯ ಕೆನ್ನೆಯೊಳಗೆ ನನ್ನ ಬೆರಳಿಟ್ಟು ನೋಡಲು ಹೇಳಿದರು. ಮೆತ್ತಗಿರಬೇಕಾದ ಜಾಗದಲ್ಲಿ ಮಂಚದ ನವಾರಿನಂಥ ಬಿಗಿ ಪಟ್ಟಿಗಳು ಕೈಗೆ ಹತ್ತಿದವು. ಅತ್ತೆ ನನ್ನನ್ನೇ ನೋಡುತ್ತಿದ್ದರು.

ಅಡಿಕೆಯಿಂದ ಹೀಗಾಗುತ್ತದೆ, ಇವತ್ತಿಗೇ ನಿಲ್ಲಿಸಬೇಕು, ಮುಚ್ಚಿದ ಬಾಯಿ ಮೊದಲಿನಂತೆ ತೆರೆಯುವುದಿಲ್ಲ, ಇಂಜೆಕ್ಷನ್ನು ಮತ್ತು ದಿನಾ ಬಾಯಿಗೆ ವ್ಯಾಯಾಮ ಮಾಡಿದರೆ ಒಂದರ್ಧ ಬೆರಳು ಹೆಚ್ಚಾದರೂ ದೊಡ್ಡದು ಎಂದರು. ಹುಣ್ಣು ಕಾಣಿಸಿಕೊಂಡರೆ ಒಂದು ದಿನವೂ ತಡ ಮಾಡಬಾರದು ಎಂದು ಎರಡು ಸಲ ಹೇಳಿದರು.

"ಅಡಿಕೆ ಒಳಗೆ ಹೋಗಿ ಅದನ್ನ ಹೆಂಗೆ ಬಿಗಿ ಮಾಡ್ತದೆ ಸರ್?" ಎಂದು ಕೇಳಿದೆ.

"ಅದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲಮ್ಮ" ಎಂದರು.

ಅತ್ತೆಯ ಮೇಲಿನ ಪ್ರೀತಿಯಿಂದಲೇ ನಾನು ತೀರ್ಮಾನ ಮಾಡಿದೆ ಎಂದು ಬಹಳ ಜನಕ್ಕೆ ಹೇಳಿಕೊಂಡಿದ್ದೇನೆ. ಅದು ಅರ್ಧ ಸತ್ಯ. ಹೊನ್ನಾಳಿಯಲ್ಲಿ ಕಾಯಿಲೆಗಳ ಬಗ್ಗೆ ನಾನು ಕೇಳಿದ ಪ್ರತಿ ಪ್ರಶ್ನೆಗೂ ಮಾಮನ ಹತ್ತಿರ ಉತ್ತರವಿತ್ತು. ಇಲ್ಲಿ ಕನ್ನಡಕ ಹಾಕಿದ ದೊಡ್ಡ ಡಾಕ್ಟರು ಗೊತ್ತಿಲ್ಲ ಎಂದರು, ನಮ್ಮ ಮನೆಯ ಬಾಯಿಯ ಬಗ್ಗೆಯೇ. ಅದನ್ನು ಬಿಟ್ಟು ಹುಬ್ಬಳ್ಳಿಗೆ ಹೋಗುವುದು ನನ್ನಂಥವಳಿಂದ ಆಗುವ ಮಾತಾಗಿರಲಿಲ್ಲ. ಮುದುಕಿಯ ಎದೆಯ ಆ ಸದ್ದು ಬಿಟ್ಟುಕೊಡುತ್ತಿದ್ದೇನೆ ಎಂದು ಸಂಕಟವೂ ಆಯಿತು. ಈಗಲೂ ಒಮ್ಮೊಮ್ಮೆ ಆಗುತ್ತದೆ.

ಸಂಜೆ ಚನ್ನಗಿರಿಯ ಮನೆಗೆ ಅತ್ತೆಯೂ ಬಂದರು. ಅಪ್ಪ ನನ್ನ ಟ್ರಂಕು ಕಟ್ಟಿಸಿ ಬಾಗಿಲ ಪಕ್ಕ ಇಟ್ಟಿದ್ದರು. ಬೆಳಿಗ್ಗೆ ದಾವಣಗೆರೆಗೆ ಹೋಗಿ ಅಲ್ಲಿಂದ ಹುಬ್ಬಳ್ಳಿ ಬಸ್ಸು. ನಾನು ದಾವಣಗೆರೆಯಲ್ಲೇ ಇಳಿದುಕೊಳ್ಳುತ್ತೇನೆ ಎಂದೆ. ಅಪ್ಪ ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಅವರ ದನಿ ಏರಿತು. ಊರಿಗೆಲ್ಲ ಪೆಪ್ಪರಮೆಂಟು ಹಂಚಿದ್ದೇನೆ, ಸಿಕ್ಕದೆ ಅಳುವವರು ಇದ್ದಾರೆ, ಸಿಕ್ಕಿದ್ದನ್ನು ಒದೆಯುವವಳು ನೀನೊಬ್ಬಳು ಎಂದರು. ಅಮ್ಮ ಅಡಿಗೆ ಮನೆಯಿಂದ ಹೊರಗೆ ಬರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ, ಮೂರು ಬೆರಳಿನ ಅಳತೆಯನ್ನೂ ನಾನು ಹೇಳಿದೆ. ಅಪ್ಪ ತಮ್ಮ ಅಕ್ಕನ ಮುಖ ನೋಡಿದರು, ನಂಬಲಿಲ್ಲ.

"ಬಾಯಿ ಹುಣ್ಣಿಗೆ ಇಷ್ಟೆಲ್ಲಾ ಕತೆನಾ? ಮಾತ್ರೆ ಕೊಡ್ತಾ ಇಲ್ವಾ ನಾನು?"

ಅತ್ತೆ ಗೋಡೆಗೆ ಒರಗಿ ಕೂತಿದ್ದರು. "ಹನ್ನೆರಡು ವರ್ಷ ನಿನ್ ಮಾತ್ರೆ ನುಂಗಿದೀನಿ ತಮ್ಮ. ಒಂದ್ಸಲನಾದ್ರೂ ಬಾಯಿ ತೆರಿ ಅಂದ್ಯಾ ನೀನು?"

ಜಗಳದ ದನಿಯಲ್ಲಿ ಹೇಳಲಿಲ್ಲ, ಕೇಳಿದರು ಅಷ್ಟೇ. ಅಪ್ಪ ಅಂಗಿ ಹಾಕಿಕೊಂಡು ಅಂಗಡಿಗೆ ಹೊರಟುಹೋದರು.

ಬೆಳಗಾಗುವಾಗ ನಾನು ಎದ್ದು ಹಿತ್ತಲಿಗೆ ಹೋದೆ. ಏನೇ ಆಗಲಿ ಬಸ್ಸು ದಾವಣಗೆರೆಯಲ್ಲಿ ನಿಲ್ಲುತ್ತದೆ, ನಾನು ಇಳಿಯುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಬಚ್ಚಲ ಮನೆಯ ಬಾಗಿಲು ಅರ್ಧ ತೆರೆದಿತ್ತು. ಅಪ್ಪ ಕ್ಷೌರ ಮಾಡಿಕೊಳ್ಳುವ ಕನ್ನಡಿಯ ಮುಂದೆ ನಿಂತಿದ್ದರು. ಮುಖಕ್ಕೆ ಸೋಪು ಹಚ್ಚಿರಲಿಲ್ಲ. ಬಲಗೈ ಬಾಯಿಯ ಹತ್ತಿರ ಇತ್ತು. ಬೆರಳು ಜೋಡಿಸಿ ಹಿಡಿಯುತ್ತಿದ್ದರು, ತೆಗೆಯುತ್ತಿದ್ದರು, ಕತ್ತು ಓರೆ ಮಾಡಿ ಮತ್ತೆ ಹಿಡಿಯುತ್ತಿದ್ದರು. ಹಿಂದೆ ಸರಿಯಬೇಕೆನ್ನುವಷ್ಟರಲ್ಲಿ ಕನ್ನಡಿಯಲ್ಲಿ ನನ್ನನ್ನು ಕಂಡರು.

"ಎಷ್ಟು ಹೋಗಬೇಕು ಅಂದೆ?"

"ಮೂರಪ್ಪ."

ಅವರು ಕೈ ಕೆಳಗಿಳಿಸಿದರು. ಎರಡು ಬೆರಳು ಮಾತ್ರ ಒದ್ದೆಯಾಗಿದ್ದವು. ಅವನ್ನು ಟವೆಲಿಗೆ ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗದೆ ಕೇಳಿದರು.

"ನಿನ್ ಕಾಲೇಜಲ್ಲಿ ಗಂಡಸರನ್ನೂ ನೋಡ್ತಾರೇನು?"